ಮೂರು ಕೋಟಿಯ ಭಂಡಾರದಲ್ಲಿ ಏನನ್ನು ಇಡುತ್ತೀರಿ?

ಮಾನ್ಯ ಮುಖ್ಯಮಂತ್ರಿಗಳಿಗೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಹಾಗೂ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಹಿರಿಯರಿಗೆ,

ನಮಸ್ಕಾರಗಳು.

2025-26ನೇ ಸಾಲಿನ ರಾಜ್ಯ ಬಜೆಟ್‌ನಲ್ಲಿ ಸಿನಿಮಾಕ್ಕೆ ಸಂಬಂಧಿಸಿದ ಘೋಷಣೆಗಳು ಹಲವಿದ್ದವು. ಮೈಸೂರಿನ ಚಿತ್ರನಗರಿ, ಟಿಕೆಟ್ ದರಕ್ಕೆ ಮಿತಿ, ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ, ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ. ಅವುಗಳ ನಡುವೆ ಸಣ್ಣದೊಂದು ಸಾಲು ಇತ್ತು. ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಮಹತ್ವದ ಕನ್ನಡ ಚಿತ್ರಗಳನ್ನು ಡಿಜಿಟಲ್ ಮತ್ತು ಡಿಜಿಟಲೇತರ ರೂಪಗಳಲ್ಲಿ ಉಳಿಸಲು 3 ಕೋಟಿ ರೂಪಾಯಿಯ ಭಂಡಾರವೊಂದನ್ನು ಮಾಡುತ್ತೇವೆ ಎಂಬ ಸಾಲು ಅದು. ಆ ಸುದ್ದಿಯನ್ನು ಕತ್ತರಿಸಿ ನನ್ನ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ. ಈ ಪತ್ರ ಬರೆಯುತ್ತಿರುವುದು ಅದರ ಬಲದ ಮೇಲೆಯೇ.

ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಜೊತೆಗೆ ಕೆಲವು ಗೆಳೆಯರನ್ನು ಕಟ್ಟಿಕೊಂಡು ಒಂದು ಪುಟ್ಟ ಚಿತ್ರಸಮಾಜ ನಡೆಸುತ್ತೇನೆ. ತಿಂಗಳಿಗೊಂದು ಚಿತ್ರ, ಆಮೇಲೆ ಒಂದು ಗಂಟೆ ಮಾತು, ಮನೆಯಿಂದ ತಂದ ಫ್ಲಾಸ್ಕಿನಲ್ಲಿ ಕಾಫಿ. ನಾನು ಕೇಳಬೇಕೆಂದಿರುವುದನ್ನು ಒಬ್ಬ ನಿರ್ದೇಶಕರ ಬದುಕಿನ ಕೆಲಸವನ್ನು ಮುಂದಿಟ್ಟುಕೊಂಡು ಕೇಳುತ್ತೇನೆ. ಅವರು ಗಿರೀಶ ಕಾಸರವಳ್ಳಿ. ನಿಮ್ಮ ಭಂಡಾರಕ್ಕೆ ಅಳತೆಗೋಲು ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಹೊಳೆಯುವ ಮೊದಲ ಹೆಸರು ಅದು.

ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗಿನ ಮಾತು. ಊರಿಗೆಲ್ಲ ನಮ್ಮ ದೊಡ್ಡಪ್ಪನ ಮನೆಯಲ್ಲೊಂದೇ ಟೀವಿ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಗಳ ಚಿತ್ರ ಹಾಕುತ್ತಿದ್ದರು. ಕನ್ನಡದ್ದು ಬರುತ್ತದೆ ಎಂದರೆ ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ನಡುಮನೆ ತುಂಬಿರುತ್ತಿತ್ತು. ಒಬ್ಬ ಹಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವವನು, ಇನ್ನೊಬ್ಬ ಕಿಟಕಿಯಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗುವವನು. ಆ ಭಾನುವಾರ ಬಂದದ್ದು ಕಾಸರವಳ್ಳಿಯವರ ‘ತಬರನ ಕಥೆ’. ಹಾಡಿಲ್ಲ, ಹೊಡೆದಾಟವಿಲ್ಲ ಎಂದು ಅರ್ಧ ಗಂಟೆಯಲ್ಲಿ ಹುಡುಗರೆಲ್ಲ ಅಂಗಳಕ್ಕೆ ಓಡಿದರು. ನಾನು ಉಳಿದದ್ದು ದೊಡ್ಡಪ್ಪನ ಕಾಲ ಬುಡದಲ್ಲಿ ಕುಳಿತಿದ್ದೆ ಎಂಬ ಒಂದೇ ಕಾರಣಕ್ಕೆ.

ದೊಡ್ಡಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾಗಿದ್ದರು. ಹದಿನಾಲ್ಕು ತಿಂಗಳಿನಿಂದ ಪಿಂಚಣಿ ಬಂದಿರಲಿಲ್ಲ. ತೆರೆಯ ಮೇಲೆ ಚಾರುಹಾಸನ್ ಅವರ ತಬರಶೆಟ್ಟಿ ಕಾಗದಗಳನ್ನು ಎದೆಗವುಚಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾಗ ದೊಡ್ಡಪ್ಪ ಎದ್ದು ಜಗುಲಿಗೆ ಹೋದರು. ದೊಡ್ಡಮ್ಮ ಹಿಂದೆಯೇ ಹೋಗಿ ‘ಯಾಕೆ, ತಲೆನೋವೇ?’ ಎಂದು ಕೇಳಿದರು. ‘ಅದು ಸಿನಿಮಾ ಅಲ್ಲ ಕಣೇ, ನನ್ನ ಫೈಲು’ ಎಂದರು ದೊಡ್ಡಪ್ಪ. ಸ್ವಲ್ಪ ಹೊತ್ತಿನ ನಂತರ ತಾವೇ ಒಳಗೆ ಬಂದು ಕೊನೆಯವರೆಗೂ ನೋಡಿದರು. ತಬರನ ಹೆಂಡತಿ ಅಪ್ಪಿಯ ಕೊಳೆಯುವ ಕಾಲು, ತಬರನ ದಿಕ್ಕುಗೆಟ್ಟ ಕೂಗು, ಎಲ್ಲವನ್ನೂ.

ಪೂರ್ಣಚಂದ್ರ ತೇಜಸ್ವಿಯವರ ಆ ಕಥೆಯನ್ನು ನಾನು ಈಗ ಪ್ರತಿವರ್ಷ ತರಗತಿಯಲ್ಲಿ ಓದಿಸುತ್ತೇನೆ. ಓದಿದ ಮಕ್ಕಳು ತಬರನಿಗಾಗಿ ಮರುಗುತ್ತಾರೆ. ಚಿತ್ರ ನೋಡಿದ ಮಕ್ಕಳು ಬೇರೆಯದೇ ಒಂದನ್ನು ಹೇಳುತ್ತಾರೆ: ಕಚೇರಿಯಲ್ಲಿ ಕುಳಿತವರಲ್ಲಿ ಒಬ್ಬನೂ ರಾಕ್ಷಸನಲ್ಲವಲ್ಲ ಸಾರ್, ಎಲ್ಲರೂ ನಮ್ಮ ಮಾವ, ನಮ್ಮ ಚಿಕ್ಕಪ್ಪನ ಹಾಗೆಯೇ ಇದ್ದಾರಲ್ಲ ಎಂದು. ಕಸುಬು ಎಂದರೆ ಅದೇ. ಕೆಟ್ಟವನೊಬ್ಬನನ್ನು ನಿಲ್ಲಿಸಿಬಿಟ್ಟಿದ್ದರೆ ನಮಗೆ ಬೈಯಲು ಒಂದು ಮುಖ ಸಿಗುತ್ತಿತ್ತು, ಮನೆಗೆ ಹೋಗಿ ನಿದ್ದೆಯೂ ಬರುತ್ತಿತ್ತು. ನಿರ್ದೇಶಕರು ಆ ಸುಖವನ್ನು ನಮಗೆ ಕೊಡಲಿಲ್ಲ.

ಕಾಸರವಳ್ಳಿಯವರು 1950ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದವರು. ಮನೆಯಲ್ಲಿ ಯಕ್ಷಗಾನದ ಗಾಳಿ, ಆಗೊಮ್ಮೆ ಈಗೊಮ್ಮೆ ಊರಿಗೆ ಬರುವ ಟೂರಿಂಗ್ ಟಾಕೀಸ್, ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಕಟ್ಟಿದ ಸೋದರಮಾವ ಕೆ.ವಿ. ಸುಬ್ಬಣ್ಣ. ಮಣಿಪಾಲದಲ್ಲಿ ಬಿ.ಫಾರ್ಮ ಓದಿದರು. ಔಷಧದ ಕೆಲಸ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ ಚಿನ್ನದ ಪದಕ ಪಡೆದರು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ಕೆಲಸ ಮಾಡಿದರು. 1977ರಲ್ಲಿ, ಇಪ್ಪತ್ತೇಳು ತುಂಬುವ ಮುನ್ನವೇ, ಅನಂತಮೂರ್ತಿಯವರ ಕಥೆಯನ್ನು ತೆಗೆದುಕೊಂಡು ‘ಘಟಶ್ರಾದ್ಧ’ ಮಾಡಿದರು. ಮೊದಲ ಕಥಾಚಿತ್ರಕ್ಕೇ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಸ್ವರ್ಣಕಮಲ ಬಂತು. ಸಂಗೀತಕ್ಕಾಗಿ ಕಾರಂತರಿಗೂ ನಾಣಿಯಾಗಿ ನಟಿಸಿದ ಬಾಲಕ ಅಜಿತ್ ಕುಮಾರ್‌ಗೂ ರಾಷ್ಟ್ರ ಪ್ರಶಸ್ತಿ ಬಂತು. ಅತ್ಯುತ್ತಮ ಚಿತ್ರಕ್ಕಾಗಿ ಕನ್ನಡಕ್ಕೆ ಈವರೆಗೆ ಬಂದ ಸ್ವರ್ಣಕಮಲಗಳು ಆರು. ಅವುಗಳಲ್ಲಿ ನಾಲ್ಕು ಇವರೊಬ್ಬರ ಚಿತ್ರಗಳಿಗೆ ಸಂದಿವೆ. ಇಷ್ಟು ವಿವರ ನಿಮ್ಮ ಕಡತಗಳಲ್ಲೂ ಇರುತ್ತದೆ. ಸನ್ಮಾನಪತ್ರ ಬರೆಯುವವರೂ ಇಷ್ಟನ್ನೇ ಬರೆಯುತ್ತಾರೆ.

ಕಡತದಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ‘ಘಟಶ್ರಾದ್ಧ’ದಲ್ಲಿ ದೊಡ್ಡವರ ಪಾಪಪುಣ್ಯದ ಲೆಕ್ಕವನ್ನೆಲ್ಲ ನಾವು ಪಾಠಶಾಲೆಗೆ ಬಂದ ಒಬ್ಬ ಸಣ್ಣ ಹುಡುಗನ ಕಣ್ಣಿನಿಂದ ನೋಡುತ್ತೇವೆ. ನಾಣಿಗೆ ಅರ್ಥವಾಗುವುದು ಅರ್ಧ ಮಾತ್ರ. ವಿಧವೆ ಯಮುನಕ್ಕ ಯಾಕೆ ಅಳುತ್ತಾಳೆ, ಯಾಕೆ ಹಾವಿನ ಹುತ್ತಕ್ಕೆ ಕೈಯಿಡುತ್ತಾಳೆ, ಅವಳ ಅಪ್ಪ ಬದುಕಿರುವ ಮಗಳಿಗೆ ಯಾಕೆ ಶ್ರಾದ್ಧ ಮಾಡುತ್ತಾನೆ, ಇದಾವುದೂ ಆ ಮಗುವಿಗೆ ಪೂರ್ತಿ ತಿಳಿಯದು. ತಿಳಿಯದ್ದಕ್ಕೇ ಅವನು ಅವಳನ್ನು ಬಿಟ್ಟುಹೋಗುವುದಿಲ್ಲ. ತಿಳಿದ ದೊಡ್ಡವರೆಲ್ಲ ಬಿಟ್ಟರು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನೆ, ಅಪ್ಪನ ಜೊತೆ ಊರಿಗೆ ಹೊರಟ ನಾಣಿ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಕ್ಯಾಮೆರಾ ಅಲ್ಲಿ ನಮಗಾಗಿ ಕಣ್ಣೀರು ಹಾಕುವುದಿಲ್ಲ, ಸುಮ್ಮನೆ ನೋಡುತ್ತದೆ. ನೋಡುವ ಆ ತಾಳ್ಮೆಯನ್ನು ಕಾಸರವಳ್ಳಿ ಪುಣೆಯಲ್ಲಿ ಜಗತ್ತಿನ ಚಿತ್ರಗಳನ್ನು, ಅದರಲ್ಲೂ ಜಪಾನಿನ ಓಜು ಅವರ ಚಿತ್ರಗಳನ್ನು ನೋಡಿ ಕಲಿತರು ಎನ್ನುವುದುಂಟು. ನಮ್ಮ ಜಗುಲಿಗಳಲ್ಲೂ ಅದು ಇತ್ತು ಎಂದು ನನಗನ್ನಿಸುತ್ತದೆ. ಮಳೆಗಾಲದಲ್ಲಿ ಕಂಬಕ್ಕೊರಗಿ ಗಂಟೆಗಟ್ಟಲೆ ಅಂಗಳ ನೋಡುತ್ತ ಕೂರುವ ಜನ ನಾವು.

ಇನ್ನೊಂದು ಉದಾಹರಣೆ. ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯಲ್ಲಿ ಊರಿಗೆ ಸಿನಿಮಾ ಟಾಕೀಸು ಬರುತ್ತದೆ, ಹೆಂಗಸರ ವಿಭಾಗದ ಗೇಟು ಕಾಯುವ ಕೆಲಸ ಸೂಲಗಿತ್ತಿ ಗುಲಾಬಿಗೆ ಸಿಗುತ್ತದೆ. 2008ರ ಚಿತ್ರದಲ್ಲಿ ಆ ಟಾಕೀಸಿನ ಜಾಗಕ್ಕೆ ಟೀವಿ ಬಂದಿದೆ. ಕಾರ್ಗಿಲ್ ಯುದ್ಧದ ದಿನಗಳ ಕರಾವಳಿಯ ಮೀನುಗಾರರ ಊರು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಬಣ್ಣದ ಟೀವಿ, ಡಿಶ್ ಆಂಟೆನಾ ಬರುತ್ತದೆ. ಬೆಸ್ತರ ಹೆಂಗಸರು ಅವಳ ಮನೆಗೆ ಬಂದು ಕೂರುತ್ತಾರೆ. ನೆರೆಯವರ ನಡುವೆ ಗೋಡೆಗಳು ಏಳುತ್ತಿರುವಾಗಲೇ ಆ ಮನೆಯೊಳಗೆ ಒಂದು ಕೂಟ ಕಟ್ಟಿಕೊಳ್ಳುತ್ತದೆ. ಕಥೆಯನ್ನು ಬದಲಾಯಿಸಿಬಿಟ್ಟರು ಎಂದು ಸಾಹಿತ್ಯದ ಮೇಷ್ಟ್ರುಗಳಾದ ನಾವು ಗೊಣಗುತ್ತೇವೆ. ನಾನೂ ಗೊಣಗಿದ್ದೆ. ಚಿತ್ರವನ್ನು ಮೂರನೆಯ ಸಲ ನೋಡಿದಾಗ ನನ್ನ ತಪ್ಪು ಗೊತ್ತಾಯಿತು. ಕಾಸರವಳ್ಳಿ ಕಥೆಯ ಹೊದಿಕೆಯನ್ನು ಬಿಟ್ಟು ಅದರ ಬೀಜವನ್ನು ತೆಗೆದುಕೊಂಡು, ತಮ್ಮ ಕಾಲದ ಮಣ್ಣಿನಲ್ಲಿ ಊರಿದ್ದರು. ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಬಂದದ್ದು ಈ ಗುಲಾಬಿಗಾಗಿಯೇ.

ಚಿತ್ರದ ಕೊನೆಗೆ ಗುಲಾಬಿಯನ್ನು ಊರು ಬಿಡಿಸುತ್ತಾರೆ. ಅದುವರೆಗೆ ಟೀವಿ ನೋಡಲು ಬಾರದಿದ್ದ ಇಬ್ಬರು ಮುದುಕಿಯರು ಖಾಲಿ ಮನೆಗೆ ಬಂದು, ಹಚ್ಚಲು ತಿಳಿಯದೆ, ಕಪ್ಪು ಪರದೆಯ ಮುಂದೆ ಕೂರುತ್ತಾರೆ. ನಮ್ಮ ಚಿತ್ರಸಮಾಜದಲ್ಲಿ ಇದನ್ನು ತೋರಿಸಿದ ಸಂಜೆ ದೀಪ ಹಾಕಿದ ಮೇಲೂ ಯಾರೂ ಮಾತನಾಡಲಿಲ್ಲ. ಕಡೆಗೆ ಗಂಗೊಳ್ಳಿ ಕಡೆಯಿಂದ ಬಂದು ನಮ್ಮಲ್ಲಿ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ‘ನಮ್ಮಜ್ಜಿ ಕರೆಂಟು ಹೋದರೂ ಟೀವಿಯ ಎದುರಿನಿಂದ ಏಳುತ್ತಿರಲಿಲ್ಲ. ಯಾಕಜ್ಜೀ ಎಂದರೆ, ನಾಲ್ಕು ಜನ ಒಟ್ಟಿಗೆ ಕೂತಿದ್ದೇವಲ್ಲ, ಸಾಕು ಎನ್ನುತ್ತಿದ್ದರು’ ಎಂದಳು. ನಾನು ಬರೆದುಕೊಂಡು ಹೋಗಿದ್ದ ಎರಡು ಪುಟದ ಟಿಪ್ಪಣಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಹುಡುಗಿ ಅಂದು ನೋಡಿದ ಪ್ರತಿ ಎಂಥದ್ದು ಎಂಬುದನ್ನು ನೀವು ತಿಳಿಯಬೇಕು. ವಾಹಿನಿಯೊಂದರಲ್ಲಿ ಪ್ರಸಾರವಾದಾಗ ಯಾರೋ ಹಿಡಿದಿಟ್ಟುಕೊಂಡ ನಕಲು. ಮೂಲೆಯಲ್ಲಿ ಮುದ್ರೆ, ಕೆಳಗೆ ಓಡುವ ಜಾಹೀರಾತಿನ ಪಟ್ಟಿ, ಎರಡೂ ಬದಿ ಕತ್ತರಿಸಿಹೋದ ಚೌಕಟ್ಟು. ಸಮುದ್ರದ ನೀಲಿ ಕೊಚ್ಚೆ ನೀರಿನಂತೆ ಕಾಣುತ್ತಿತ್ತು. ಒಳ್ಳೆಯ ಪ್ರತಿಗಾಗಿ ನಾನು ಎಂಟು ತಿಂಗಳು ಓಡಾಡಿದ್ದೆ. ಒಂದು ಕಚೇರಿಯಲ್ಲಿ ‘ಹಕ್ಕು ನಿರ್ಮಾಪಕರದು’ ಎಂದರು. ಇನ್ನೊಂದು ಕಡೆ ‘ಅರ್ಜಿ ಕೊಡಿ, ನೋಡೋಣ’ ಎಂದರು. ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಮತ್ತೆ ಹೋದಾಗ ಅಲ್ಲಿದ್ದವರು ವರ್ಗವಾಗಿದ್ದರು. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನನಗೆ ಸಿಕ್ಕವರೆಲ್ಲ ಸಭ್ಯರೇ. ‘ಈ ಚಿತ್ರ ನಮ್ಮಲ್ಲಿದೆ, ತೆಗೆದುಕೊಂಡು ಹೋಗಿ ಮಕ್ಕಳಿಗೆ ತೋರಿಸಿ’ ಎಂದು ಹೇಳುವುದನ್ನೇ ಕೆಲಸವಾಗಿ ಉಳ್ಳ ಒಬ್ಬರೂ ಎದುರಾಗಲಿಲ್ಲ, ಅಷ್ಟೇ.

ಈಗ ‘ಘಟಶ್ರಾದ್ಧ’ದ ಇತ್ತೀಚಿನ ಕಥೆಗೆ ಬರುತ್ತೇನೆ. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದರ ಪುನರುಜ್ಜೀವಿತ 4ಕೆ ಪ್ರತಿ ಪ್ರದರ್ಶನಗೊಂಡಿತು. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸವದು. ಇಟಲಿಯ ಬೊಲೋನಿಯಾದ ಪ್ರಯೋಗಾಲಯದಲ್ಲಿ ನಡೆಯಿತು. ಹಣ ಕೊಟ್ಟದ್ದು ಅಮೆರಿಕದ ಹಾಬ್ಸನ್/ಲೂಕಸ್ ಫ್ಯಾಮಿಲಿ ಫೌಂಡೇಶನ್. ಇಷ್ಟೆಲ್ಲ ಸಾಧ್ಯವಾದದ್ದು ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ. ಅವರೆಲ್ಲರಿಗೂ ಕನ್ನಡಿಗರು ಋಣಿಗಳು. ಆದರೆ ಮಲೆನಾಡಿನ ಮಣ್ಣಿನಲ್ಲಿ ಹುಟ್ಟಿದ, ಕನ್ನಡದ ಹಿರಿಯ ಕಥೆಗಾರನ ಕಥೆಯ, ಕನ್ನಡದ ಹಿರಿಯ ರಂಗಕರ್ಮಿಯ ಸಂಗೀತದ ಈ ಚಿತ್ರಕ್ಕೆ ಮರುಜನ್ಮ ಕೊಟ್ಟವರ ಆ ಪಟ್ಟಿಯಲ್ಲಿ ಕರ್ನಾಟಕದ ಒಂದು ಸಂಸ್ಥೆಯ ಹೆಸರಿಲ್ಲ. ಆ ಸುದ್ದಿ ಓದಿದ ರಾತ್ರಿ ಸಂತೋಷವೂ ಆಯಿತು, ಎದೆಗೆ ಚುಚ್ಚಿದಂತೆಯೂ ಆಯಿತು.

ನಾವು ಕಳೆದುಕೊಂಡದ್ದು ಸಣ್ಣದಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಮ್ಮ ಭಾಷೆ ತೆರೆಯ ಮೇಲೆ ಮೊದಲು ಆಡಿದ ಮಾತು ಹೇಗೆ ಕೇಳಿಸುತ್ತಿತ್ತು ಎಂಬುದನ್ನು ನಾವಾರೂ ಇನ್ನು ಕೇಳಲಾರೆವು. ಕೆಲವು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಹಿಂದೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದವರೊಬ್ಬರ ಅಟ್ಟ ಖಾಲಿ ಮಾಡುವಾಗ ತುಕ್ಕು ಹಿಡಿದ ಒಂದು ಡಬ್ಬಿ ಸಿಕ್ಕಿತು. ಮುಚ್ಚಳವನ್ನು ಉಳಿಯಿಂದ ಮೀಟಿ ತೆಗೆದೆವು. ಕೆಟ್ಟ ಉಪ್ಪಿನಕಾಯಿ ಭರಣಿ ತೆರೆದಂತೆ ಮೂಗಿಗೆ ಹುಳಿ ವಾಸನೆ ಬಡಿಯಿತು. ಸುರುಳಿ ಬೆಲ್ಲದ ಅಚ್ಚಿನ ಹಾಗೆ ಒಂದೇ ಗಟ್ಟಿಯಾಗಿತ್ತು. ಅಂಚನ್ನು ಬೆರಳಿನಿಂದ ಬಿಡಿಸಲು ಹೋದರೆ ಹಪ್ಪಳದಂತೆ ಮುರಿಯಿತು. ಅಸಿಟೇಟ್ ಫಿಲ್ಮು ಸೆಖೆ ಮತ್ತು ತೇವದಲ್ಲಿ ಕೊಳೆಯತೊಡಗಿದರೆ ವಿನೆಗರಿನ ಆಮ್ಲ ಹೊರಬರುತ್ತದೆ. ಒಂದು ಡಬ್ಬಿಯ ಕೊಳೆತ ಪಕ್ಕದ ಡಬ್ಬಿಗೂ ತಗಲುತ್ತದೆ. 35 ಎಂಎಂನ 1,000 ಅಡಿ ರೀಲೆಂದರೆ ತೆರೆಯ ಮೇಲೆ ಸುಮಾರು 11 ನಿಮಿಷ. ಯಾವ ಚಿತ್ರದ, ಯಾರ 11 ನಿಮಿಷ ಅದು ಎಂಬುದೂ ನಮಗೆ ತಿಳಿಯಲಿಲ್ಲ. ಅಟ್ಟದ ಯಜಮಾನರ ಮಗ ಅದನ್ನು ತೋಟದ ಗುಂಡಿಗೆ ಹಾಕಿ ಮಣ್ಣೆಳೆದ.

ಆದ್ದರಿಂದ ಭಂಡಾರ ಎಂದಾಗ ಹಾರ್ಡ್ ಡಿಸ್ಕ್ ತುಂಬಿದ ಒಂದು ಕೋಣೆಯನ್ನು ನೆನೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಡಿಜಿಟಲ್ ಕಡತವನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ದಾಟಿಸದಿದ್ದರೆ ಅದೂ ಸಾಯುತ್ತದೆ. ತಂಪಾಗಿ, ಒಣಗಿ ಇಟ್ಟ ನೆಗೆಟಿವ್ ತಲೆಮಾರುಗಳ ಕಾಲ ಬಾಳುತ್ತದೆ. ‘ಘಟಶ್ರಾದ್ಧ’ ನಮಗೆ ಮತ್ತೆ ಸಿಕ್ಕಿದ್ದು ಅದರ ನೆಗೆಟಿವ್‌ನಿಂದ. ನಿರ್ಮಾಪಕರ ಮನೆಗಳಲ್ಲಿ, ಮುಚ್ಚಿಹೋದ ಲ್ಯಾಬುಗಳ ಗೋದಾಮುಗಳಲ್ಲಿ ಇನ್ನೂ ಏನೇನು ಉಳಿದಿದೆ ಎಂದು ಊರೂರು ತಿರುಗಿ ಪಟ್ಟಿ ಮಾಡಲು ಮೊದಲ ವರ್ಷದ ಹಣ ಖರ್ಚಾಗಲಿ. ಕಟ್ಟಡ ಆಮೇಲೆ ಏಳಲಿ. ಇನ್ನೆರಡು ಮಳೆಗಾಲ ಕಳೆಯುವುದರೊಳಗೆ ಎಷ್ಟು ಡಬ್ಬಿಗಳು ಹುಳಿಯುತ್ತವೋ ಯಾರು ಬಲ್ಲರು.

ಚಿತ್ರದ ಜೊತೆಗೆ ಚಿತ್ರ ಮಾಡಿದ ಬಗೆಯೂ ಉಳಿಯಬೇಕು. ಪತ್ರ ಬರೆಯಲು ನನ್ನನ್ನು ಎಬ್ಬಿಸಿದ್ದು ಮುಖ್ಯವಾಗಿ ಇದೇ. ನಾಲ್ಕು ದಶಕಗಳಲ್ಲಿ ಕಾಸರವಳ್ಳಿ ಮಾಡಿದ ಕಥಾಚಿತ್ರಗಳು ಹದಿನೈದರ ಆಸುಪಾಸು. ‘ಕೂರ್ಮಾವತಾರ’ 2011ರದು, ಅದರ ನಂತರದ ಕಥಾಚಿತ್ರ ಬಂದದ್ದು 2020ರಲ್ಲಿ. ಈ ಅಂತರಗಳಲ್ಲಿ ಒಬ್ಬ ನಿರ್ದೇಶಕ ಏನನ್ನು ಬರೆದು ಹರಿದ, ಯಾವ ಕಥೆಯನ್ನು ಎತ್ತಿಕೊಂಡು ಕೈಬಿಟ್ಟ, ಯಾವ ದೃಶ್ಯವನ್ನು ಎಷ್ಟು ಸಲ ತಿದ್ದಿದ ಎಂಬುದು ಮುಂದೆ ಬರುವ ಹುಡುಗ ಹುಡುಗಿಯರಿಗೆ ನೂರು ಪ್ರಶಸ್ತಿಗಳಿಗಿಂತ ದೊಡ್ಡ ಪಾಠ. ‘ದ್ವೀಪ’ದ ಮಳೆಯನ್ನೇ ನೋಡಿ. ಅಣೆಕಟ್ಟಿನ ಹಿನ್ನೀರು ಏರುತ್ತ ಏರುತ್ತ ಮನೆಯ ಮೆಟ್ಟಿಲಿಗೆ ಬರುತ್ತದೆ. ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರ ಪ್ರಶಸ್ತಿ ತಂದ ಚಿತ್ರವದು. ಮಲೆನಾಡಿನ ಮಳೆಯಲ್ಲಿ ಬೆಳೆದ ನನಗೂ ಆ ಬೂದು ಬಣ್ಣ, ಆ ಎಡೆಬಿಡದ ಸದ್ದು ಹೊಸದಾಗಿ ಕಂಡಿತು, ಕೇಳಿಸಿತು. ರಾತ್ರಿಯೆಲ್ಲ ಹೋರಾಡಿ ಮನೆಯನ್ನು ಉಳಿಸಿಕೊಂಡವಳು ನಾಗಿ. ಬೆಳಗಾದ ಮೇಲೆ ಗಂಡ ಗಣಪ ಅದೆಲ್ಲ ದೇವರ ಕೃಪೆ ಎನ್ನುತ್ತಾನೆ. ನಾಗಿಯಾಗಿ ನಟಿಸಿದ ಸೌಂದರ್ಯ ಅವರ ಮುಖದ ಮೇಲೆ ಆ ಕ್ಷಣ ಸುಳಿಯುವುದನ್ನು ಅವರಿಂದ ತೆಗೆಸಿದ್ದು ಹೇಗೆ? ಏನು ಹೇಳಿದರು, ಏನು ಹೇಳದೆ ಬಿಟ್ಟರು? ಎಷ್ಟು ಟೇಕ್ ಆಯಿತು? ಮಳೆ ಕೈಕೊಟ್ಟ ದಿನ ಏನು ಮಾಡಿದರು?

ಉತ್ತರ ಹೇಳಬಲ್ಲವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಬಿ.ವಿ. ಕಾರಂತರು 2002ರಲ್ಲಿ ಹೋದರು. ಸೌಂದರ್ಯ 2004ರಲ್ಲಿ. ‘ತಾಯಿ ಸಾಹೇಬ’ದ ಉಡುಗೆ ತೊಡುಗೆಗೆ ರಾಷ್ಟ್ರ ಪ್ರಶಸ್ತಿ ಪಡೆದ ವೈಶಾಲಿ ಕಾಸರವಳ್ಳಿ 2010ರಲ್ಲಿ, ಎಸ್. ರಾಮಚಂದ್ರ 2011ರಲ್ಲಿ. ಅನಂತಮೂರ್ತಿ, ತೇಜಸ್ವಿ ಇಲ್ಲ. ‘ದ್ವೀಪ’ದ ಕಥೆಗಾರ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಇವರೆಲ್ಲರ ಜೊತೆ ಕುಳಿತು, ಚಿತ್ರವನ್ನು ಒಂದೊಂದೇ ಶಾಟ್ ನಿಲ್ಲಿಸಿ ಕೇಳಿ ದಾಖಲಿಸಿದ್ದರೆ ಇಂದು ನಮ್ಮ ಕೈಯಲ್ಲಿ ಎಂಥ ಪಠ್ಯವಿರುತ್ತಿತ್ತು! ಕಾಸರವಳ್ಳಿಯವರು ನಮ್ಮ ನಡುವೆ ಇದ್ದಾರೆ. ಎದುರಿಗೆ ಕುಳಿತವರು ಯಾರೇ ಆಗಿರಲಿ, ತಾಳ್ಮೆಯಿಂದ ಪಾಠ ಹೇಳುವವರು. ಅವರ ಪ್ರತಿ ಚಿತ್ರಕ್ಕೂ ಎರಡು ದಿನ, ಮೂರು ದಿನ, ಬೇಕಾದಷ್ಟು ದಿನ ಇಟ್ಟು, ಚಿತ್ರವನ್ನು ಓಡಿಸುತ್ತ, ನಿಲ್ಲಿಸುತ್ತ, ಅವರ ದನಿಯನ್ನು ಮುದ್ರಿಸಿಕೊಳ್ಳಿ. ಚಿತ್ರಕಥೆಯ ಹಸ್ತಪ್ರತಿ, ಸೆಟ್ಟಿನ ನಕ್ಷೆ, ಸ್ಥಿರಚಿತ್ರ, ಖರ್ಚಿನ ಲೆಕ್ಕ ಇವುಗಳಲ್ಲಿ ಅವರು ಕೊಡಲು ಒಪ್ಪುವುದನ್ನೆಲ್ಲ ಗೌರವದಿಂದ ಪಡೆದು ಇಡಿ. ಖರ್ಚಿನ ಲೆಕ್ಕವನ್ನು ಬೇಕೆಂದೇ ಸೇರಿಸಿದೆ. ಕಡಿಮೆ ದುಡ್ಡಿನಲ್ಲಿ ಪ್ರಾಮಾಣಿಕವಾಗಿ ಚಿತ್ರ ಮಾಡುವುದು ಹೇಗೆಂದು ನನ್ನ ವಿದ್ಯಾರ್ಥಿಗಳು ಮೊದಲು ಕೇಳುವುದೇ ಅದನ್ನು.

ಇದು ಒಬ್ಬರಿಗೆ ಮಾತ್ರ ಸಲ್ಲುವ ಗೌರವವಾಗದೆ ಅವರ ತಲೆಮಾರಿನ, ಅವರ ನಂತರದ ಎಲ್ಲ ನಿರ್ದೇಶಕರಿಗೂ, ಕ್ಯಾಮೆರಾ ಹಿಡಿದವರಿಗೂ, ಸಂಕಲನ ಮಾಡಿದವರಿಗೂ, ಮೇಕಪ್ ಹಚ್ಚಿದವರಿಗೂ ವಿಸ್ತರಿಸಲಿ.

ಇನ್ನು, ಉಳಿಸಿದ್ದನ್ನು ತೋರಿಸುವ ಮಾತು. 1973ರಲ್ಲಿ ಹೆಗ್ಗೋಡಿನಂಥ ಪುಟ್ಟ ಊರಿನಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಸುಲಿಯುವ ಕೈಗಳವರು ಕುಳಿತು ನೋಡಿದರು. ಪುಣೆಯಿಂದ ಸತೀಶ್ ಬಹಾದೂರ್ ಅವರಂಥ ಗುರುಗಳು ಬಂದು ಸಿನಿಮಾ ನೋಡುವುದನ್ನು ಕಲಿಸಿದರು. ಹಳ್ಳಿಯವರಿಗೆ ಇಂಥ ಚಿತ್ರ ಅರ್ಥವಾಗದು ಎಂದು ಯಾರಾದರೂ ನಿಮ್ಮ ಮುಂದೆ ಹೇಳಿದರೆ ದಯವಿಟ್ಟು ಆ ಐವತ್ತು ವರ್ಷಗಳ ಹಿಂದಿನ ಉದಾಹರಣೆಯನ್ನು ತೋರಿಸಿ. ರಾಜ್ಯದ ಹಲವು ಜಿಲ್ಲೆಗಳಲ್ಲಿ ರಂಗಮಂದಿರಗಳಿವೆ, ನೂರಾರು ಪದವಿ ಕಾಲೇಜುಗಳಿವೆ. ನಿಮ್ಮ ಒಟಿಟಿ ವೇದಿಕೆ ಬರಲಿ, ಅದರಲ್ಲಿ ಈ ಚಿತ್ರಗಳೂ ಇರಲಿ. ಆದರೆ ಅಂಗೈಯಗಲದ ಮೊಬೈಲಿನಲ್ಲಿ ಒಬ್ಬರೇ ನೋಡುವುದಕ್ಕೂ ಕತ್ತಲೆಯಲ್ಲಿ ನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ನೋಡುವುದಕ್ಕೂ ಅಜಗಜಾಂತರವಿದೆ. ಗಂಗೊಳ್ಳಿಯ ಆ ಅಜ್ಜಿಗೆ ಅದು ಗೊತ್ತಿತ್ತು. ನಿರ್ಮಾಪಕರಿಗೆ ನ್ಯಾಯವಾದ ಸಂಭಾವನೆ ಕೊಟ್ಟು, ಕಾಲೇಜು ಮತ್ತು ಚಿತ್ರಸಮಾಜಗಳಲ್ಲಿ ತೋರಿಸುವ ಹಕ್ಕನ್ನು ಸರ್ಕಾರವೇ ಒಮ್ಮೆಗೆ ಪಡೆದುಕೊಳ್ಳಲಿ. ಒಂದು ದೂರವಾಣಿ ಸಂಖ್ಯೆ, ಒಂದು ಅರ್ಜಿ ನಮೂನೆ, ಹದಿನೈದು ದಿನದೊಳಗೆ ಒಳ್ಳೆಯ ಪ್ರತಿ. ನನಗೆ ಬೇಕಾದದ್ದು ಇಷ್ಟು.

ದೊಡ್ಡಪ್ಪನ ಪಿಂಚಣಿ ಕಡೆಗೂ ಬಂತು. ಮೊದಲ ಕಂತಿನಲ್ಲಿ ಅವರು ದೊಡ್ಡಮ್ಮನಿಗೊಂದು ಸೀರೆ ತಂದರು, ನನಗೆ ಎರಡು ನೋಟುಪುಸ್ತಕ. ಅದರಲ್ಲೊಂದರ ಮೊದಲ ಪುಟದಲ್ಲಿ ‘ನೋಡಿದ ಸಿನಿಮಾ ಬಗ್ಗೆ ಇದರಲ್ಲಿ ಬರೆ’ ಎಂದು ತಮ್ಮ ಮಾಸ್ತರರ ಅಕ್ಷರದಲ್ಲಿ ಬರೆದಿದ್ದರು. ಆ ಪುಸ್ತಕ ಈಗಲೂ ನನ್ನ ಬಳಿ ಇದೆ.

ನಮ್ಮ ಕಾಲೇಜಿನ ಸಭಾಂಗಣದಲ್ಲಿ ಇನ್ನೂರು ಕುರ್ಚಿಗಳಿವೆ. ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಪ್ರೊಜೆಕ್ಟರ್ ಕೊಡಿಸಿದ್ದಾರೆ. ಕಿಟಕಿಗಳಿಗೆ ಕಪ್ಪು ಪರದೆಯನ್ನು ಕಳೆದ ತಿಂಗಳು ಹೊಲಿಸಿದೆವು. ಮಳೆಗಾಲ ಮುಗಿದ ಕೂಡಲೇ, ಮೊದಲ ಪ್ರದರ್ಶನವಾಗಿ, ಬೊಲೋನಿಯಾದಲ್ಲಿ ಮರುಜನ್ಮ ಪಡೆದ ‘ಘಟಶ್ರಾದ್ಧ’ವನ್ನು ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಮಕ್ಕಳ ಮುಂದೆ ತೋರಿಸಬೇಕೆಂದಿದ್ದೇವೆ. ಅನುಮತಿ ಮತ್ತು ಪ್ರತಿಗಾಗಿ ಯಾರಿಗೆ ಅರ್ಜಿ ಬರೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಗೌರವಪೂರ್ವಕವಾಗಿ,
ಮಲೆನಾಡಿನ ಒಬ್ಬ ಕನ್ನಡ ಅಧ್ಯಾಪಕ